ಮಿಲ್ಲಿನ ಕಾಟಾ ಮತ್ತು ನಮ್ಮ ಸರ್

ನಮ್ಮ ಸರ್‌ಗೆ ಯಾರೂ ನಮಸ್ಕಾರ ಮಾಡುವ ಹಾಗಿರಲಿಲ್ಲ. ಜೋಡಿಸಿದ ಕೈಯನ್ನು ಬಿಡಿಸಿ, ಬಲಗೈಯನ್ನು ತಮ್ಮ ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ನಮ್ಮ ನಾಲ್ಕೂ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದರು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡಿದ ಹಾಗೆ. ಆಮೇಲೆ ತೀರ್ಪು. "ನಾಕು ದಿನ ಆತು ನೀ ಕಲ್ಲು ಮುಟ್ಟಿಲ್ಲ." ಇಲ್ಲವೇ, "ನಿನ್ನಿ ಗುಡ್ಡಕ್ಕ ಬಂದಿಲ್ಲ, ಮನ್ಯಾಗ ಅರಬಿ ಒಗದೀದಿ." ಚರ್ಮ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಮೆತ್ತಗಾಗಿದೆ ಎಂಬುದರ ಮೇಲೆ ನಮ್ಮ ಇಡೀ ವಾರದ ಜಾತಕ ಹೇಳಿಬಿಡುತ್ತಿದ್ದರು. ಒಮ್ಮೆಯೂ ತಪ್ಪಿದ್ದು ನಾನು ನೋಡಿಲ್ಲ. ಅವರ ಬಗ್ಗೆ ನಾನು ಹೇಳುವ ಒಳ್ಳೆಯ ಮಾತು ಇದರಿಂದಲೇ ಶುರುವಾಗಲಿ, ಯಾಕೆಂದರೆ ಒಳ್ಳೆಯ ಮಾತುಗಳು ನನ್ನ ಹತ್ತಿರ ಬಹಳ ಇಲ್ಲ.

ಸರ್ ಹೋಗಿ ಒಂದು ತಿಂಗಳಾಯಿತು. ಹಳೆಯ ವಿದ್ಯಾರ್ಥಿಗಳು ಸೇರಿ ನೆನಪಿನ ಪುಸ್ತಕ ತರುತ್ತಾರಂತೆ. ಮೊನ್ನೆ ಸಂಪಾದಕರ ಫೋನ್ ಬಂತು.

"ಅಕ್ಕಾರ, ನಿಮ್ಮದೂ ಎರಡು ಪುಟ ಇರ್ಲಿ. ಆದರ ಆವತ್ತು ಸಭ್ಯಾಗ ಆದದ್ದೊಂದು ಬರೀಬ್ಯಾಡ್ರಿ."

"ಅದನ್ನ ಬಿಟ್ಟು ಬ್ಯಾರೆ ಏನದ ನನ್ನ ಹತ್ರ ಬರಿಯಾಕ?" ಎಂದೆ.

ಆ ಕಡೆ ಫೋನ್ ಇಟ್ಟರು. ಆದ್ದರಿಂದ ಇದು ಅವರ ಪುಸ್ತಕಕ್ಕಲ್ಲ. ಸುಮ್ಮನೆ ಕೂತರೆ ಹೊಟ್ಟೆ ಉರಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಸರ್ ಮಾನ್ವಿಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕರು. ಉಳಿದ ಶಾಲೆಗಳ ಪಿ.ಟಿ. ಮೇಷ್ಟ್ರುಗಳು ಖೊಖೊ, ಕಬಡ್ಡಿ ಆಡಿಸಿ ಸಂಜೆ ಮನೆಗೆ ಹೋಗುವಾಗ ಇವರು ಮಕ್ಕಳನ್ನು ಕಟ್ಟಿಕೊಂಡು ಗುಡ್ಡಕ್ಕೆ ಹೊರಡುತ್ತಿದ್ದರು. ವಯಸ್ಸಿನಲ್ಲಿದ್ದಾಗ ಎಲ್ಲೋ ಒಂದು ಶಿಬಿರದಲ್ಲಿ ಕಲ್ಲು ಹತ್ತುವುದನ್ನು ಕಲಿತು ಬಂದಿದ್ದರಂತೆ. ಆ ಹುಚ್ಚು ಇಳಿಯಲೇ ಇಲ್ಲ. ನೀರಮಾನ್ವಿಯ ಹಿಂದಿನ ಗುಂಡುಕಲ್ಲುಗಳಲ್ಲಿ ಅವರು ಕೈ ಹಾಕದ ಬಿರುಕಿಲ್ಲ. ಮೊದಮೊದಲು ಊರಿನವರು ಇವರು ನಿಧಿ ಹುಡುಕುತ್ತಿದ್ದಾರೆ ಎಂದುಕೊಂಡು ಹಿಂದೆ ಹಿಂದೆ ಬರುತ್ತಿದ್ದರು. ಒಮ್ಮೆ ಎಲ್ಲಮ್ಮನ ಗುಡಿಗೆ ಬಂದಿದ್ದ ಮುದುಕಿಯೊಬ್ಬಳು ಕೆಳಗೆ ನಿಂತು ಕೇಳಿದಳು, "ಯಪ್ಪಾ, ಆ ಕಲ್ಲಿನ ಮ್ಯಾಲ ಏನದ?"

"ಏನೂ ಇಲ್ಲ ಯವ್ವಾ."

"ಮತ್ಯಾಕ ಹತ್ತಾಕತ್ತೀರಿ?"

"ಇಳಿಯಾಕ," ಎಂದರು ಸರ್. ಮುದುಕಿ ನಮ್ಮನ್ನೆಲ್ಲ ಒಮ್ಮೆ ನೋಡಿ, ಪಾಪ ಅನ್ನಿಸಿತೋ ಏನೋ, ಕೈಯಲ್ಲಿದ್ದ ಪ್ರಸಾದ ಕೊಟ್ಟು ಹೋದಳು.

ಉದ್ದನೆಯ ಸಣಕಲು ಆಳು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಹತ್ತು ಗಂಟೆಯ ಬಿಸಿಲಿಗೆ ಅದು ಕರಗಿ ಹುಬ್ಬಿಗೆ ಬರುತ್ತಿತ್ತು. ಕೊರಳಲ್ಲಿ ಸೀಟಿ. ಜೇಬಿನಲ್ಲಿ ಗಂಟು ಹಾಕಿದ ಸುತಲಿ ದಾರ, ಒಂದು ತುಂಡು ಇದ್ದಿಲು, ಕೆಂಪು ಶಾಯಿಯ ಪೆನ್ನು. ದಾರದಿಂದ ನಮ್ಮ ಚಾಚಿದ ತೋಳುಗಳನ್ನು ಅಳೆಯುತ್ತಿದ್ದರು. ಇದ್ದಿಲಿನಿಂದ ಕಾಲು ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂದು ಕಲ್ಲಿನ ಮೇಲೆ ಗೀಟು ಎಳೆಯುತ್ತಿದ್ದರು. ಎಷ್ಟು ಸೆಕೆಂಡು ಜೋತು ಬಿದ್ದೆ, ಎಷ್ಟು ಹೊತ್ತಿಗೆ ಏದುಸಿರು ನಿಂತಿತು, ಎಲ್ಲ ಪುಸ್ತಕಕ್ಕೆ ಹೋಗುತ್ತಿತ್ತು. "ಇವತ್ತು ಛಲೋ ಅನಿಸ್ತು ಸರ್" ಎಂದು ಯಾರಾದರೂ ಅಂದರೆ ಮುಗಿಯಿತು.

"ಛಲೋ ಅಂದ್ರ ಎಷ್ಟು? ಅಂಕಿ ಹೇಳು."

ಅಂಕಿ ಇಲ್ಲದ ಸಂತೋಷ ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ಕಲಿಸುತ್ತಿದ್ದರು, ಅದನ್ನು ಇಲ್ಲ ಎನ್ನಲಾರೆ. ಒಂದು ಸಲ ಜಗ್ಗಿದ ಮೇಲೆ ಮೂರು ನಿಮಿಷ ಬೆರಳಿಗೆ ವಿಶ್ರಾಂತಿ, ನಡುವೆ ಮುಟ್ಟಿದರೆ ಬೈಗುಳ. ಒಂದು ದಿನ ಬೆರಳಿನ ಕೆಲಸ, ಎರಡು ದಿನ ಕಾಲಿನದು. "ಕೈ ನೋಡಬ್ಯಾಡ ಲೇ, ಕಾಲು ನೋಡು. ನಿನ್ನ ಕಾಲು ಎಲ್ಲಿ ಅದ ಅಂತ ನಿನ್ನ ಕಾಲಿಗೇ ಗೊತ್ತಿಲ್ಲ." ಇವತ್ತಿಗೂ ಕಲ್ಲಿನ ಮೇಲೆ ನನ್ನ ಕಾಲು ಜಾರಿದಾಗ ನನ್ನ ಬಾಯಲ್ಲಿ ಅವರದೇ ಬೈಗುಳ ಬರುತ್ತದೆ. ಅದೊಂದು ಉರಿ ಬೇರೆ.

ಇನ್ನು ಕಾಟಾದ ವಿಷಯ.

ಮಾನ್ವಿಯ ಒಂದು ಅಕ್ಕಿ ಮಿಲ್ಲಿನ ಸಾವ್ಕಾರರು ಸರ್‌ಗೆ ಸಂಬಂಧಿ. ಮಿಲ್ಲಿಗೆ ಕರೆಂಟಿನ ಹೊಸ ತೂಕದ ಯಂತ್ರ ಬಂದಾಗ ಹಳೆಯ ಕಾಟಾವನ್ನು ಪೂಜೆ ಮಾಡಿಸಿ, ಕಾಯಿ ಒಡೆಸಿ, ಸರ್‌ಗೆ ದಾನ ಕೊಟ್ಟಿದ್ದರು. ಮೂಟೆ ಇಟ್ಟು ತೂಗುವ ಕಬ್ಬಿಣದ ಮಣೆ, ಪಕ್ಕದ ಕಂಬದ ಮೇಲೆ ಅಂಕಿ ಕೊರೆದ ಕೋಲು, ಕೋಲಿನ ಮೇಲೆ ಸರಿಸುವ ಹಿತ್ತಾಳೆಯ ಗುಂಡು. ಸರ್ ಅದನ್ನು ಶಾಲೆಯ ಹಿಂದಿನ ಶೆಡ್ಡಿನಲ್ಲಿ ಇಟ್ಟು, ಸರಿಯಾಗಿ ಅದರ ಮೇಲೆ, ತೊಲೆಗೆ ಒಂದು ಬೇವಿನ ಹಲಗೆ ಹೊಡೆದಿದ್ದರು. ಹಲಗೆಯ ಅಂಚು ಬೆರಳಿನ ಒಂದು ಗೆಣ್ಣಿನಷ್ಟು ಅಗಲ.

ಮೊದಲು ಸುಮ್ಮನೆ ನಿಂತು ತೂಕ. ಆಮೇಲೆ ಒಂದು ಕೈಯ ನಾಲ್ಕು ಬೆರಳು ಹಲಗೆಗೆ ಹಾಕಿ ಜಗ್ಗಬೇಕು. ನಾವು ಜಗ್ಗಿದಷ್ಟೂ ಮಣೆಯ ಮೇಲಿನ ಭಾರ ಕಡಿಮೆಯಾಗಿ ಕೋಲು ಠಕ್ ಎಂದು ಕೆಳಗೆ ಬೀಳುತ್ತಿತ್ತು. ಸರ್ ಗುಂಡನ್ನು ಹಿಂದೆ ಸರಿಸಿ ಮತ್ತೆ ಜಗ್ಗು ಎನ್ನುತ್ತಿದ್ದರು. ಕೋಲು ಬೀಳದೆ ನಿಂತಾಗ ನಮ್ಮ ಅಂದಿನ ಮಿತಿ ಗೊತ್ತಾಗುತ್ತಿತ್ತು. ಎಷ್ಟು ಭಾರ ಬೆರಳು ಎತ್ತಿತೋ ಅದನ್ನು ಮೈತೂಕದ ಜೊತೆ ಹೋಲಿಸಬೇಕು. ಮೈತೂಕದ ಮೂರು ಪಾಲಿನಲ್ಲಿ ಎರಡು ಪಾಲನ್ನು ಒಂದು ಕೈಯಲ್ಲಿ ಎತ್ತುವ ಹುಡುಗಿ ಕಲ್ಲು ಹತ್ತುವವರ ರಾಜ್ಯದ ಶಿಬಿರಕ್ಕೆ ಅರ್ಹಳು. ಇಷ್ಟೇ ಲೆಕ್ಕ. ಮಾನ್ವಿಯ ಶೆಡ್ಡಿನಲ್ಲಿ ಮೂಟೆಯ ಕಾಟಾ ಇಟ್ಟುಕೊಂಡು ಆ ಮನುಷ್ಯ ಇದನ್ನೆಲ್ಲ ಮಾಡುತ್ತಿದ್ದ ಎಂಬುದನ್ನು ನೆನೆದರೆ, ನನ್ನ ಹಲ್ಲು ಕಚ್ಚಿಕೊಂಡೇ ಹೇಳುತ್ತೇನೆ, ಭೇಷ್ ಅನ್ನಲೇಬೇಕು.

ಆದರೆ ತೂಕ ಆದ ಮೇಲೆ ಒಂದು ಶಾಸ್ತ್ರವಿತ್ತು. ಮಣೆಯಿಂದ ಇಳಿಯುವ ಮೊದಲು ನಮ್ಮ ಹೆಸರು, ಊರು, ತೂಕವನ್ನು ನಾವೇ ಕೂಗಿ ಹೇಳಬೇಕು. ಹದಿನಾರು ಹದಿನೇಳರ ಹುಡುಗಿಯರು, ಎದುರಿಗೆ ಹುಡುಗರ ಸಾಲು. ದನಿ ಹೊರಡುತ್ತಿರಲಿಲ್ಲ. ಸರ್ ಪುಸ್ತಕದಿಂದ ತಲೆ ಎತ್ತದೆ ಹೇಳುತ್ತಿದ್ದರು, "ಕೇಳಸ್ಲಿಲ್ಲ. ಇನ್ನೊಮ್ಮೆ." ಎರಡನೇ ಸಲ ಹೇಳಿದರೂ ಅದೇ. "ಕೇಳಸ್ಲಿಲ್ಲ. ಇನ್ನೊಮ್ಮೆ." ಎಷ್ಟೇ ಜೋರಾಗಿ ಹೇಳಿದರೂ ಮೂರು ಸಲ. ತೂಕಕ್ಕೆ ನಾಚಿಕೊಳ್ಳುವವರು ಕಲ್ಲು ಹತ್ತಲಾರರು ಎಂಬುದು ಅವರ ಸಿದ್ಧಾಂತ. "ಕಾಟಾ ಸುಳ್ಳ ಹೇಳಂಗಿಲ್ಲ. ಹೇಳಿದ್ರ ಮನುಷ್ಯಾ ಹೇಳ್ತಾನ." ದಿನಕ್ಕೆ ಹತ್ತು ಸಲ ಈ ಮಾತು ಬರುತ್ತಿತ್ತು.

"ಹುಲಿಗೆಮ್ಮ, ದೇವದುರ್ಗ, ನಲವತ್ತೈದು!" ಎಂದು ನಾನು ಎಷ್ಟು ದಿನ ಬೆಳಿಗ್ಗೆ ಕೂಗಿದ್ದೇನೋ ದೇವರಿಗೇ ಗೊತ್ತು. ನಾವು ದೇವದುರ್ಗದ ಕಡೆಯ ಕೂಲಿ ಜನ. ಅಪ್ಪ ಹಮಾಲಿ ಮಾಡುತ್ತ ಮಾನ್ವಿಗೆ ಬಂದವನು, ಅದೇ ಸಾವ್ಕಾರರ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ನನ್ನ ಬೆರಳು ಅಪ್ಪನದು. ಸರ್ ಮೊದಲ ದಿನ ನನ್ನ ಕೈ ಒತ್ತಿ ನೋಡಿ, "ಯಾರ ಮಗಳು ನೀ?" ಎಂದು ಕೇಳಿದ್ದರು. ಹೇಳಿದೆ. "ಹೌದಾ? ಮೂಟಿ ಹೊರೋ ಬೆರಳು ಮಗಳಿಗೆ ಬಂದಾವ," ಎಂದು ನಕ್ಕಿದ್ದರು. ಎರಡು ವರ್ಷದಲ್ಲಿ ನನ್ನ ಎಳೆತ ಹದಿನೆಂಟರಿಂದ ಮೂವತ್ತು ಕೆ.ಜಿ.ಗೆ ಬಂತು. ನಲವತ್ತೈದರಲ್ಲಿ ಮೂವತ್ತು. ಮೂರರಲ್ಲಿ ಎರಡು ಪಾಲು, ಕೂದಲೆಳೆಯೂ ಹೆಚ್ಚುಕಡಿಮೆ ಇಲ್ಲ. ಆ ವರ್ಷ ಜಿಲ್ಲೆಯಿಂದ ಹೋಗುವ ಒಂದೇ ಹೆಸರು ನನ್ನದಾಯಿತು, ಆ ಶೆಡ್ಡಿನಿಂದ ಶಿಬಿರಕ್ಕೆ ಹೋದ ಮೊದಲ ಹೆಸರೂ ಅದೇ. ಅವ್ವ ಸಜ್ಜೆ ರೊಟ್ಟಿ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ಸರ್ ಕಿಟಕಿಯ ಸೀಟು ನನಗೆ ಬಿಟ್ಟರು.

ಶಿಬಿರ ಬಾದಾಮಿಯಲ್ಲಿತ್ತು. ಮೊದಲ ದಿನವೇ ತಪಾಸಣೆ. ಅಲ್ಲಿನ ಯಂತ್ರದಲ್ಲಿ ನನ್ನ ಬೆರಳು ಎತ್ತಿದ್ದು ಮೂವತ್ತೇ. ಆದರೆ ಮೈತೂಕ ನಲವತ್ತೆಂಟು. ಮತ್ತೆ ತೂಗಿದರು, ನಲವತ್ತೆಂಟೇ. ಶಿಬಿರದ ಮುಖ್ಯಸ್ಥರು ಸರ್ ತುಂಬಿ ಕಳಿಸಿದ್ದ ಕಾಗದ ತೆಗೆದು, "ಇಲ್ಲಿ ನಲವತ್ತೈದು ಅಂತ ಬರೆದಿದ್ದೀರಲ್ಲ?" ಎಂದು ಕೇಳಿದರು. ಇಪ್ಪತ್ತು ಜಿಲ್ಲೆಗಳ ಹುಡುಗ ಹುಡುಗಿಯರು ಸುತ್ತ ನಿಂತಿದ್ದರು.

ಸರ್ ಕಾಗದ ನೋಡಿದರು. ಯಂತ್ರ ನೋಡಿದರು. ನನ್ನನ್ನು ನೋಡಲಿಲ್ಲ.

"ತೂಗೋ ಮುಂದ ಹುಡುಗಿ ಮ್ಯಾಲಿನ ಹಲಗಿ ಹಿಡದಿರಬೇಕ್ರಿ," ಎಂದರು. "ನಾ ಪುಸ್ತಕದಾಗ ತಲಿ ಹಾಕಿರ್ತೀನಿ. ನೋಡಿಲ್ಲ."

ಅಂದರೆ ನಾನು ಕಳ್ಳಿ. ತೂಕ ಕಡಿಮೆ ತೋರಿಸಲು ಗುಟ್ಟಾಗಿ ಹಲಗೆಗೆ ಜೋತು ಬಿದ್ದವಳು. "ಇಲ್ರೀ ಸರ್, ನಾ ಹಿಡದಿಲ್ರೀ," ಎಂದೆ. ಯಾರೂ ಮೂರು ಸಲ ಹೇಳಿಸಲಿಲ್ಲ, ಒಂದು ಸಲ ಹೇಳಿದ್ದೂ ಯಾರಿಗೂ ಕೇಳಿಸಲಿಲ್ಲ. ಮಧ್ಯಾಹ್ನದ ಬಸ್ಸಿಗೆ ನಮ್ಮನ್ನು ವಾಪಸ್ ಕಳಿಸಿದರು. ಇಡೀ ದಾರಿ ಕಿಟಕಿಯ ಸೀಟಿನಲ್ಲಿ ಅವರೇ ಕೂತಿದ್ದರು.

ಮನೆಗೆ ಬಂದು ಅತ್ತೆ. ಅಪ್ಪ ಊಟ ಬಿಟ್ಟು ಎದ್ದು ಬಂದು ಕೇಳಿದ, "ಯಾವ ಕಾಟಾದಾಗ ತೂಗಿದ್ನವ್ವಾ ನಿಮ್ಮ ಸರ್?"

"ಮಿಲ್ಲಿನ ಹಳೇದು."

ಅಪ್ಪ ಹಣೆ ಬಡಿದುಕೊಂಡ. "ಯವ್ವಾ, ಅದು ಮಾಲು ತೊಗೊಳ್ಳೋ ಕಾಟಾ! ಅದು ಮೂರು ಕೆ.ಜಿ. ತಿಂತದ. ರೈತರ ಮೂಟಿ ಅದರ ಮ್ಯಾಲ ಇಟ್ರ ಮೂರು ಕೆ.ಜಿ. ಕಮ್ಮೀನ ತೋರಿಸ್ತದ. ಕವಿತಾಳದಿಂದ ಮಲ್ಲಟದ ತನಕ ಯಾರನ್ನರ ಕೇಳು, ಗೊತ್ತದ. ನನ್ನ ಹೆಗಲಿಗೆ ಗೊತ್ತಿಲ್ಲೇನು? ಬಿಸಿಯೂಟದ ಅಕ್ಕಿ ತೂಗಾಕ ಶಾಲಿಗೆ ಕೊಟ್ಟಾರ ಅಂದ್ಕೊಂಡಿದ್ದೆ. ಮಕ್ಕಳನ್ನ ತೂಗ್ತಾರಂತ ನನಗೇನು ಕನಸು ಬಿದ್ದಿತ್ತಾ?"

ನೋಡಿ, ಇಡೀ ತಾಲೂಕಿಗೆ ಗೊತ್ತಿದ್ದ ವಿಷಯ. ಬತ್ತ ಬೆಳೆಯುವವರಿಗೆ, ಹೊರುವವರಿಗೆ, ಕೊಳ್ಳುವವರಿಗೆ, ಎಲ್ಲರಿಗೂ ಗೊತ್ತು. ಕಾಟಾವನ್ನು ನಂಬಿದ್ದವರು ನಾವು ಕಲ್ಲು ಹತ್ತುವವರು ಮಾತ್ರ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋಗಿ ಹೇಳಿದೆ. ಅಪ್ಪನ ಹೆಸರು ತೆಗೆಯಲಿಲ್ಲ. ಸರ್ ಬಹಳ ಹೊತ್ತು ಕೋಲಿನ ಮೇಲಿನ ಗುಂಡನ್ನು ಆ ಕಡೆ ಈ ಕಡೆ ಸರಿಸುತ್ತ ನಿಂತರು. ಆಮೇಲೆ, ತಿರುಗಿ ನೋಡದೆ, "ಕಾಟಾ ಸುಳ್ಳ ಹೇಳಂಗಿಲ್ಲ, ಹುಲಿಗೆಮ್ಮ," ಎಂದರು. "ನಾಳಿಂದ ನೀ ಬರಬ್ಯಾಡ."

ಅಲ್ಲಿಗೆ ಮುಗಿಯಿತು. ಮಾನ್ವಿಯಲ್ಲಿ ನನ್ನ ಹೆಸರು ಕಳ್ಳತೂಕ ಎಂದಾಯಿತು. ಕಾಲೇಜಿನಲ್ಲಿ ಬೆಂಚಿನ ಮೇಲೆ ಕೂತರೆ ಹಿಂದಿನಿಂದ ಯಾರೋ, "ಬೇ, ಹಲಗಿ ಹಿಡಕೊಂಡು ಕೂಡು," ಎನ್ನುತ್ತಿದ್ದರು. ಮಿಲ್ಲಿನಲ್ಲಿ ಅಪ್ಪನನ್ನೂ ಬಿಡಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ಹಿಡಿ ಅಕ್ಕಿ ಮುಟ್ಟದ ಮನುಷ್ಯ ಅವನು. ಒಂದು ದಿನ ಹಮಾಲಿ ಕೊಕ್ಕೆಯನ್ನು ಮಿಲ್ಲಿನ ಬಾಗಿಲಿಗೆ ನೇತು ಹಾಕಿ ಬಂದುಬಿಟ್ಟ. ನಾವು ರಾಯಚೂರಿಗೆ ಬಂದೆವು.

ಅಲ್ಲಿ ನಾನು ಹುಡುಕಿಕೊಂಡು ಹೋದದ್ದು ಏನು ಗೊತ್ತೇ? ತಕ್ಕಡಿ ರಿಪೇರಿಯ ಅಂಗಡಿ. ಸೇಡು ಎಂದರೆ ಹಾಗೆಯೇ. ಮುದಿ ಉಸ್ತಾದರೊಬ್ಬರು ಕಿಲ್ಲೆಯ ಹತ್ತಿರ ಅಂಗಡಿ ಇಟ್ಟಿದ್ದರು. "ಹೆಣ್ಣಮಗಳು, ಕಬ್ಬಿಣದ ಕೆಲಸ ಯಾಕ ಬೇಟಿ?" ಎಂದರು. "ಕಾಟಾ ಹೆಂಗ ಸುಳ್ಳ ಹೇಳ್ತದ ಅಂತ ಕಲೀಬೇಕು ಚಾಚಾ," ಎಂದೆ. ಎಲ್ಲ ಕಲಿತೆ. ಕೋಲಿನ ತುದಿಯಲ್ಲಿ ಜೋತಾಡುವ ಬಟ್ಟಲಿನ ತಳಕ್ಕೆ ಹೆಬ್ಬೆಟ್ಟಿನಷ್ಟು ಸೀಸ ಅಂಟಿಸಿ ಬಣ್ಣ ಹಚ್ಚಿದರೆ ಸಾಕು, ಮಣೆಯ ಮೇಲಿನ ಮೂರು ಕೆ.ಜಿ. ಮಾಯ. ಉಸ್ತಾದರು ಕಾಲವಾದ ಮೇಲೆ ಲೈಸೆನ್ಸು ನನ್ನ ಹೆಸರಿಗಾಯಿತು. ಈಗ ರಾಯಚೂರು, ದೇವದುರ್ಗ, ಮಾನ್ವಿಯ ಅಂಗಡಿಗಳ ತಕ್ಕಡಿಗಳು ವರ್ಷಕ್ಕೊಮ್ಮೆ ನನ್ನ ಕೈ ಕೆಳಗೆ ಬರುತ್ತವೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ತೊಲೆಗೆ ಒಂದು ಬೇವಿನ ಹಲಗೆ ಹೊಡೆದಿದ್ದೇನೆ, ಒಂದು ಗೆಣ್ಣಿನ ಅಂಚಿನದು. ಕೆಳಗೆ ಸರ್ಕಾರದ ಮುದ್ರೆ ಬಿದ್ದ ಯಂತ್ರ. ಒಂದು ದಿನ ಬೆರಳು, ಎರಡು ದಿನ ಕಾಲು, ಎಳೆತ ಎಳೆತದ ನಡುವೆ ಮೂರು ನಿಮಿಷ. ಅವರ ವಿದ್ಯೆಯೇ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಐವತ್ತೊಂದು ಕೆ.ಜಿ. ಮೈಗೆ ಮೂವತ್ತನಾಲ್ಕು ಎತ್ತಿದೆ. ಸರಿಯಾಗಿ ಮೂರರಲ್ಲಿ ಎರಡು ಪಾಲು, ಯಾವ ಕಾಟಾದಲ್ಲಿ ಬೇಕಾದರೂ ತೂಗಿ ನೋಡಿ. ಆಗ ಶಿಬಿರದ ವಯಸ್ಸು ದಾಟಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಹಲಗೆ ಹಿಡಿದಳು ಅನ್ನುತ್ತಿದ್ದರು. ಇಂದಿಗೂ ಭಾನುವಾರ ಬೆಳಿಗ್ಗೆ ರಾಯಚೂರಿನ ಹೊರಗಿನ ಗುಂಡುಕಲ್ಲುಗಳಿಗೆ ಹೋಗುತ್ತೇನೆ. ಅಪ್ಪ ಹಳೆಯ ಗಾದಿಯನ್ನು ಹೆಗಲ ಮೇಲೆ ಹೊತ್ತು ತಂದು ಕೆಳಗೆ ಹಾಸಿ, ಬೀಡಿ ಹಚ್ಚಿಕೊಂಡು ಕೂಡುತ್ತಾನೆ. ಬೇರೆ ಒಂದು ನರಪಿಳ್ಳೆಗೂ ಇದು ಗೊತ್ತಿಲ್ಲ.

ಹೋದ ವರ್ಷ ಸರ್ ನಿವೃತ್ತರಾದರು. ನನ್ನನ್ನು ಕಳಿಸಿದ ಮೇಲಿನ ಹದಿನೆಂಟು ವರ್ಷಗಳಲ್ಲಿ ಅವರ ಕೈಯಿಂದ ಬಹಳ ಮಕ್ಕಳು ಹೊರಬಂದಿದ್ದರು, ಪೊಲೀಸ್ ಆದವರಿದ್ದಾರೆ, ಸೈನ್ಯಕ್ಕೆ ಹೋದವರಿದ್ದಾರೆ. ಎಲ್ಲರೂ ಸೇರಿ ಮಿಲ್ಲಿನ ಅಂಗಳದಲ್ಲಿ ಸತ್ಕಾರ ಇಟ್ಟುಕೊಂಡರು. ಗುರುವಿಗೆ ಅಕ್ಕಿಯ ತುಲಾಭಾರ, ಅದೂ ಅವರದೇ ಕಾಟಾದ ಮೇಲೆ! ಎಷ್ಟು ತೂಕವೋ ಅಷ್ಟು ಅಕ್ಕಿ ಹಾಸ್ಟೆಲ್ಲಿನ ಮಕ್ಕಳಿಗೆ. ಸಾವ್ಕಾರರದೇ ಯೋಜನೆ. ಕಾಟಾಕ್ಕೆ ತುಕ್ಕು ಹಿಡಿದಿತ್ತು, ಕೋಲು ಅಲ್ಲಾಡುತ್ತಿರಲಿಲ್ಲ. ಸಮಿತಿಯವರು ಟೆಂಪೋದಲ್ಲಿ ಹಾಕಿಕೊಂಡು ಎಲ್ಲಿಗೆ ತಂದರು? ನನ್ನ ಅಂಗಡಿಗೆ. ಜಿಲ್ಲೆಯಲ್ಲಿ ಅಂಥ ಹಳೆಯ ಕಾಟಾ ರಿಪೇರಿ ಮಾಡುವವಳು ನಾನೊಬ್ಬಳೇ. ಬಂದ ಹುಡುಗರಿಗೆ ನನ್ನ ಕಥೆ ಗೊತ್ತಿರಲಿಲ್ಲ. ಜೊತೆಗೆ ಒಂದು ಟ್ರಂಕು ಇಳಿಸಿದರು. "ಸರ್ ಅವರ ಪುಸ್ತಕ ಅದಾವ್ರಿ ಅಕ್ಕಾರ. ಪ್ರದರ್ಶನಕ್ಕ ಇಡಬೇಕು, ಒಂದೀಟು ಧೂಳ ಹೊಡದು ಕೊಡ್ರಿ."

ಕಾಟಾ ಬೋರಲು ಹಾಕಿ ಬಟ್ಟಲಿನ ತಳ ಕೆರೆದೆ. ಹಸಿರು ಬಣ್ಣದ ಕೆಳಗೆ ಸೀಸದ ಬಿಲ್ಲೆ ಹಾಗೆಯೇ ಇತ್ತು. ಅಂದರೆ ಇಷ್ಟು ವರ್ಷವೂ ಅದು ಮೂರು ಕೆ.ಜಿ. ತಿನ್ನುತ್ತಲೇ ಇತ್ತು. ಹಾಗಾದರೆ ನನ್ನ ನಂತರ ಶಿಬಿರಕ್ಕೆ ಹೋದ ಅಷ್ಟು ಮಕ್ಕಳು ಹೇಗೆ ಸಿಕ್ಕಿ ಬೀಳಲಿಲ್ಲ?

ಟ್ರಂಕು ತೆಗೆದೆ. ನನ್ನ ವರ್ಷದ ಪುಸ್ತಕ ಹುಡುಕಿದೆ. ನನ್ನ ಸಾಲು ಸಿಕ್ಕಿತು. ಹುಲಿಗೆಮ್ಮ, ದೇವದುರ್ಗ, 45. ಪುಟ ತಿರುಗಿಸಿದೆ. ಅವರು ನನ್ನನ್ನು ಬರಬೇಡ ಎಂದ ಮರುದಿನದ ಪುಟ. ಪ್ರತಿಯೊಂದು ಹೆಸರಿನ ಮುಂದೆ, ತೂಕದ ಪಕ್ಕದಲ್ಲಿ, ಕೆಂಪು ಶಾಯಿಯಲ್ಲಿ ಸಣ್ಣಗೆ, +3. ಮುಂದಿನ ಪುಟ, +3. ಮುಂದಿನ ವರ್ಷ, ಅದರ ಮುಂದಿನ ವರ್ಷ, ಹದಿನೆಂಟು ಪುಸ್ತಕ, ಒಂದು ದಿನ ತಪ್ಪಿಲ್ಲ, ಒಂದು ಹೆಸರು ತಪ್ಪಿಲ್ಲ. ಆ ಮಹಾಶಯ ನನ್ನ ಮಾತು ನಂಬಿದ್ದರು! ನಾನು ಶೆಡ್ಡಿನಿಂದ ಹೊರಬಿದ್ದ ಮೇಲೆ ತೂಗಿ ನೋಡಿ ಖಾತ್ರಿ ಮಾಡಿಕೊಂಡಿದ್ದರು. ಕಾಟಾ ತೆರೆದರೆ ಸಾವ್ಕಾರರ ಮಾನ ಹೋಗುತ್ತದೆ, ಬಾಯಿ ತೆರೆದರೆ ತಮ್ಮದು ಹೋಗುತ್ತದೆ. ಅದಕ್ಕೆ ಪೆನ್ನು ತೆರೆದರು. ಎಲ್ಲ ಮಕ್ಕಳನ್ನೂ ಎರಡೇ ಎರಡು ಅಕ್ಷರದಷ್ಟು ಜಾಗದಲ್ಲಿ ಉಳಿಸಿಕೊಂಡರು. ನನ್ನ ಸಾಲಿನ ಮುಂದೆ ಮಾತ್ರ ಕಾಗದ ಖಾಲಿ ಇತ್ತು.

ಅದುವರೆಗೆ ನನಗೆ ಅವರ ಮೇಲೆ ಇದ್ದದ್ದು ಸಿಟ್ಟು. ಅಜ್ಞಾನಿ ಮನುಷ್ಯ, ತಿಳಿಯದೆ ಅಂದುಬಿಟ್ಟ ಎಂದು ಒಮ್ಮೊಮ್ಮೆ ಮನಸ್ಸು ಕರಗುತ್ತಿದ್ದುದೂ ಉಂಟು. ಆ ಪುಟ ನೋಡಿದ ಮೇಲೆ ಕರಗುವುದು ನಿಂತಿತು. ಸೀಸ ಕಿತ್ತು ತೆಗೆದೆ. ಕೋಲಿಗೆ ಎಣ್ಣೆ ಬಿಟ್ಟೆ. ಸರ್ಕಾರದ ಮುದ್ರೆಯ ತೂಕದ ಕಲ್ಲುಗಳನ್ನಿಟ್ಟು ಹತ್ತು ಸಲ ತೂಗಿ ನೋಡಿದೆ, ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಯಾವ ಕಾಟಾವನ್ನೂ ಸರಿ ಮಾಡಿಲ್ಲ.

ಸತ್ಕಾರದ ದಿನ ಅಂಗಳ ತುಂಬಿತ್ತು. ಮುಂದೆ ಕುರ್ಚಿಯಲ್ಲಿ ಸಾವ್ಕಾರರ ಬಳಗ, ನಡುವೆ ಹಳೆಯ ವಿದ್ಯಾರ್ಥಿಗಳು, ಹಿಂದೆ ರೈತರು, ಹಮಾಲರು. ಹಮಾಲರ ಜೊತೆ ನಮ್ಮಪ್ಪ. ವೇದಿಕೆಯ ಮೇಲೆ ಚೆಂಡುಹೂ ಸುತ್ತಿದ ಕಾಟಾ, ರಿಪೇರಿ ಮಾಡಿದವಳೆಂದು ಪಕ್ಕದಲ್ಲಿ ನಾನು. ಸರ್ ಮಣೆ ಹತ್ತಿದರು. ನನ್ನ ಗುರುತು ಸಿಕ್ಕಿತು, ಮುಖ ಬಿಗಿಯಾಯಿತು. ಸಾವ್ಕಾರರು ತಾವೇ ಬಂದು ಗುಂಡನ್ನು ಅರವತ್ತೈದಕ್ಕೆ ಸರಿಸಿದರು. ಆ ಕಾಟಾದ ಮೇಲೆ ಸರ್ ತೂಕ ಅಷ್ಟೆಂದು ಎಲ್ಲರಿಗೂ ಗೊತ್ತು, ಅಷ್ಟೇ ಅಕ್ಕಿ ತುಂಬಿ ಇಟ್ಟಿದ್ದರು. ಕೋಲು ಮೇಲೆಯೇ ನಿಂತಿತು. ಸಾವ್ಕಾರರು ಅದನ್ನು ಬೆರಳಿನಿಂದ ಒತ್ತಿದರು. ಮತ್ತೆ ಮೇಲೆ ಬಂತು.

ನಾನು ಗುಂಡನ್ನು ಮುಂದೆ ಸರಿಸಿದೆ. ಕೋಲು ಸಮನಾಗಿ ನಿಂತಿತು. "ಅರವತ್ತೆಂಟು," ಎಂದೆ ಮೈಕಿನಲ್ಲಿ.

"ಅರವತ್ತೈದು ಅಲ್ಲೇನಬೇ?" ಎಂದರು ಸಾವ್ಕಾರರು.

"ಕಾಟಾ ರಿಪೇರಿ ಆಗ್ಯದ್ರಿ ಸಾವ್ಕಾರ್ರ. ಇನ್ನೂ ಮೂರು ಕೆ.ಜಿ. ಅಕ್ಕಿ ತರಿಸ್ರಿ."

ಹಿಂದಿನಿಂದ ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಹಮಾಲರ ಸಾಲು ಸಾಲೇ ಹೋ ಎಂದು ನಕ್ಕಿತು, ರೈತರು ತೊಡೆ ತಟ್ಟಿಕೊಂಡು ನಕ್ಕರು. ಸಾವ್ಕಾರರು ನೀರು ಕೇಳಿದರು. ನಾನು ಅವರ ಕಡೆ ನೋಡಲೂ ಇಲ್ಲ. ನನಗೆ ಬೇಕಾದವರು ಮಣೆಯ ಮೇಲಿದ್ದರು.

ಪುಸ್ತಕದ ಆ ಎರಡು ಪುಟ ಬಿಡಿಸಿ ಕೈಗೆ ಕೊಟ್ಟೆ. ಕೆಂಪು ಪೆನ್ನು ಕೊಟ್ಟೆ. "ಸರ್, ಒಂದು ಸಾಲು ಉಳದದ," ಎಂದೆ.

ಅವರು ಈ ಪುಟ ನೋಡಿದರು, ಆ ಪುಟ ನೋಡಿದರು. ನಾನು ಪುಟ ತಿರುಗಿಸಿದ್ದೇನೆಂದು ಅವರಿಗೆ ತಿಳಿಯಿತು. ಸಭೆಗೆ ಏನೂ ಅರ್ಥವಾಗಲಿಲ್ಲ. ಅವರ ವಿಭೂತಿ ಕರಗಿ ಹುಬ್ಬಿಗೆ ಬಂದಿತ್ತು. ನನ್ನ ಸಾಲಿನ ಮುಂದೆ ಬರೆದರು. +3. ಮೂರು ಸೊಟ್ಟಗಾಯಿತು.

"ಸಾಕಾ?" ಎಂದರು ನನಗಷ್ಟೇ ಕೇಳುವ ಹಾಗೆ.

"ಸಾಲಂಗಿಲ್ರಿ. ಇಳಿಯೋಕಿಂತ ಮೊದಲ ಕೂಗಿ ಹೇಳಬೇಕು. ನೀವೇ ಕಲಿಸೀರಿ." ಮೈಕನ್ನು ಅವರ ಬಾಯಿಗೆ ಹಿಡಿದೆ.

"ಹು... ಹುಲಿಗೆಮ್ಮ, ದೇವದುರ್ಗ. ನಲವತ್ತೈದು ಅಲ್ಲ, ನಲವತ್ತೆಂಟು."

"ಕೇಳಸ್ಲಿಲ್ಲ. ಇನ್ನೊಮ್ಮೆ."

"ಹುಲಿಗೆಮ್ಮ, ದೇವದುರ್ಗ, ನಲವತ್ತೆಂಟು. ಆಕಿ ಹಲಗಿ ಹಿಡದಿದ್ದಿಲ್ಲ. ಕಾಟಾ ಸುಳ್ಳಿತ್ತು."

"ಕೇಳಸ್ಲಿಲ್ಲ. ಇನ್ನೊಮ್ಮೆ."

ಮೂರನೆಯ ಸಲ ಅವರು ಪೂರ್ತಿ ಹೇಳಿದರು. "ಆಕಿ ಹಲಗಿ ಹಿಡದಿದ್ದಿಲ್ಲ. ಕಾಟಾ ಸುಳ್ಳಿತ್ತು. ನನಗ ಗೊತ್ತಿತ್ತು." ಹಿಂದೆ ಅಪ್ಪ ಎದ್ದು ನಿಂತಿದ್ದ, ತಲೆಯ ರುಮಾಲು ಕೈಯಲ್ಲಿತ್ತು.

ನಾಲ್ಕು ತಿಂಗಳಿಗೆ ಸರ್ ಹೋದರು. ಹೃದಯದ ಕಾಯಿಲೆ, ಎರಡು ವರ್ಷದಿಂದ ಗುಳಿಗೆ ತಿನ್ನುತ್ತಿದ್ದರಂತೆ. ಆದರೂ ಊರು ನನ್ನ ಮೇಲೆ ಹೊರಿಸಿದೆ. ವಯಸ್ಸಾದ ಗುರುವನ್ನು ತುಂಬಿದ ಸಭೆಯಲ್ಲಿ ನಾಚಿಸಿದಳು, ಅದೇ ಕೊರಗಿನಲ್ಲಿ ಹೋದರು ಎನ್ನುತ್ತಾರೆ. ನಾಚಿಕೆಯಿಂದ ಸಾಯುವವರಾಗಿದ್ದರೆ ಬಾದಾಮಿಯಿಂದ ಬರುವ ಬಸ್ಸಿನಲ್ಲೇ ಸಾಯಬೇಕಿತ್ತು. ನಾನು ಮೂರು ಸಲ ಹೇಳಿಸಿದೆ. ಅವರು ನಮ್ಮಿಂದ ಹೇಳಿಸುತ್ತಿದ್ದುದೂ ಮೂರೇ ಸಲ. ಒಂದು ಹೆಚ್ಚು ಮಾಡಿಲ್ಲ.

ಇನ್ನೊಂದು ಇದೆ, ಅದು ಸಭೆಯಲ್ಲಿ ಯಾರಿಗೂ ಕಾಣಲಿಲ್ಲ. ಮಣೆಯಿಂದ ಇಳಿದ ಮೇಲೆ ಸರ್ ನನ್ನ ಕಡೆಗೆ ಬಲಗೈ ಚಾಚಿದರು. ಹೆಬ್ಬೆರಳು ಆಗಲೇ ಬಾಗಿತ್ತು, ಒತ್ತಿ ನೋಡಲು. ಕೈ ಕೊಟ್ಟಿದ್ದರೆ ಒಂದು ಕ್ಷಣದಲ್ಲಿ ಅವರಿಗೆ ಎಲ್ಲ ತಿಳಿಯುತ್ತಿತ್ತು. ನಾನು ಕಲ್ಲು ಬಿಟ್ಟಿಲ್ಲ, ಹದಿನೆಂಟು ವರ್ಷ ಅವರು ಹೇಳಿಕೊಟ್ಟ ಹಾಗೆಯೇ ಜಗ್ಗಿದ್ದೇನೆ, ಅವರು ತೂಗಿದ ಮಕ್ಕಳಲ್ಲೆಲ್ಲ ಗಟ್ಟಿಯಾದ ಬೆರಳು ಇವೇ ಎಂದು. ಆ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಸತ್ಕಾರ ಯಾರೂ ಮಾಡಲಾರರು.

ನಾನು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ. ಬಿಡಿಸಲು ಅವರಿಗೆ ಧೈರ್ಯ ಬರಲಿಲ್ಲ.